ಲಾನಿನ ಕೆಳಗಿನ ಎರೆ

ಹುಲ್ಲಿನ ಮೇಲೆ ಬಿದ್ದ ಮಗುವಿನ ಮೊಣಕಾಲು ತರಚುತ್ತದೆಯೇ? ಕಳೆದ ಮಾರ್ಚಿನಲ್ಲಿ ನನ್ನ ಮಗಳದು ತರಚಿತು. ನಾಗಪುರದ ವರ್ಧಾ ರಸ್ತೆಯ ಕಡೆಗಿರುವ ನಮ್ಮ ಸೊಸೈಟಿಯ ಮೂರು ಕಟ್ಟಡಗಳ ನಡುವೆ ಒಂದು ಲಾನ್ ಇದೆ. ಐದನೇ ಮಹಡಿಯಿಂದ ನೋಡಿದರೆ ಹಾಸಿದ ಹಸಿರು ಜಮಖಾನೆ. ಅದರ ಮೇಲೆ ಓಡುತ್ತಿದ್ದವಳು ಮುಗ್ಗರಿಸಿ ಬಿದ್ದಳು. ಎದ್ದಾಗ ಡಾಂಬರು ರಸ್ತೆಯ ಮೇಲೆ ಬಿದ್ದವರ ಹಾಗೆ ಮೊಣಕಾಲಲ್ಲಿ ರಕ್ತ. ಬೆಂಚಿನ ಮೇಲೆ ಕೂತಿದ್ದ ಅಪ್ಪ ಮೊಮ್ಮಗಳನ್ನು ಎತ್ತಿ ಸಮಾಧಾನ ಮಾಡಿದ. ಆಮೇಲೆ ಬಗ್ಗಿ ನೆಲ ನೋಡತೊಡಗಿದ.

ಅವ್ವ ತೀರಿಕೊಂಡ ಮೇಲೆ ಅಪ್ಪ ಮೊದಲ ಸಲ ನಮ್ಮಲ್ಲಿ ಇರಲು ಬಂದದ್ದು. ನವಲಗುಂದ ತಾಲೂಕಿನ ಎರೆ ಹೊಲದಲ್ಲಿ ಅರವತ್ತೇಳು ವರ್ಷ ಕಳೆದವನಿಗೆ ಫ್ಲ್ಯಾಟಿನಲ್ಲಿ ಮಾಡಲು ಏನೂ ಇರಲಿಲ್ಲ. ಆ ದಿನ ನನ್ನ ಟೂಲ್ ಬಾಕ್ಸಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತರಿಸಿ ಹುಲ್ಲಿನ ನಡುವೆ ಒತ್ತಿದ. ಮೊದಲ ಒಂದು ಇಂಚು ಹಳೇ ಗಾದಿಯ ಹಾಗೆ ಮೆತ್ತಗೆ ಒಳಗೆ ಹೋಯಿತು, ಆಮೇಲೆ ನಿಂತುಬಿಟ್ಟಿತು. ಮೈಭಾರ ಹಾಕಿ ಒತ್ತಿದರೂ ಅಲುಗಲಿಲ್ಲ.

"ತಮ್ಮಾ, ಇದು ಎರಿ ಐತಲ್ಲೋ. ನಮ್ಮ ಹೊಲದಾಗಿನಂಥಾದ್ದ. ಇದರ ಮ್ಯಾಲ ಕಂಬಳಿ ಹೊಚ್ಚಿ ಉಸರ ಕಟ್ಟಿಸೀರಿ," ಅಂದ. ಕಂಬಳಿ ಯಾವುದರದು ಎಂದು ಒಂದು ಎಳೆ ಕಿತ್ತು ನೋಡಿ ಅವನಿಗೆ ನಗು ಬಂತು. "ಕರಿಕಿ! ಕರಿಕಿಗೆ ನೀರ ಬಿಟ್ಟು ಯಾರರೆ ಬೆಳಸ್ತಾರೇನೋ?"

ಗರಿಕೆ. ಗಣಪತಿಗೆ ಏರಿಸುವ ಅದೇ ಹುಲ್ಲು. ಉತ್ತರ ಭಾರತದ ದೂಬ್, ಅಮೆರಿಕದವರ ಬರ್ಮುಡಾ ಗ್ರಾಸ್, ಸಸ್ಯಶಾಸ್ತ್ರದ ಸೈನೊಡಾನ್ ಡ್ಯಾಕ್ಟಿಲಾನ್. ಭಾರತದ ಹೆಚ್ಚಿನ ಲಾನುಗಳ ತಾಯಿಬೇರು ಇದೇ. ನಮ್ಮ ಕಡೆ ಮಾತ್ರ ಅದು ರೈತನ ಹಳೇ ವೈರಿ. ನೆಲದ ಮೇಲೆ ಬಳ್ಳಿ, ನೆಲದೊಳಗೆ ಗಡ್ಡೆಯಂಥ ಕಾಂಡ, ಎರಡು ದಾರಿಯಲ್ಲೂ ಹಬ್ಬುತ್ತದೆ. ಒಂದು ಗೆಣ್ಣು ಉಳಿದರೆ ಸಾಕು, ಮುಂದಿನ ಮಳೆಗೆ ಹಾಜರು. ಕರಿಕಿ ಹೊಕ್ಕ ಹೊಲವನ್ನು ಬೇಸಿಗೆಯಲ್ಲಿ ಆಳವಾಗಿ ಹೊಡೆದು, ಬೇರುಗಳನ್ನು ಬಿಸಿಲಿಗೆ ಒಣಗಿಸಿ, ಆರಿಸಿ, ಸುಟ್ಟು ಹಾಕುವುದು ಅಪ್ಪನ ಕಾಲದ ಕೆಲಸ. ಅದನ್ನೇ ನಾವು ತಿಂಗಳಿಗೆ ಇಷ್ಟು ಎಂದು ಮೇಂಟೆನೆನ್ಸ್ ಕೊಟ್ಟು ಸಾಕುತ್ತಿದ್ದೇವೆ. ನಾನು ಈ ಲಾನಿನ ಪೂರ್ವಚರಿತ್ರೆ ಹುಡುಕಲು ಹೊರಟದ್ದು ಆ ನಗುವಿನಿಂದ.

ಹಾಗೆ ನೋಡಿದರೆ ನಾಗಪುರದ ಹುಲ್ಲು ಕನ್ನಡಿಗರಿಗೆ ಹೊಸದಲ್ಲ. 2004ರ ಅಕ್ಟೋಬರಿನಲ್ಲಿ ಇಲ್ಲಿಯ ಸಿವಿಲ್ ಲೈನ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾದ ವಿರುದ್ಧದ ಟೆಸ್ಟಿಗೆ ಪಿಚ್ ಮೇಲೆ ಹಸಿರು ಬಿಟ್ಟಿದ್ದರು. ಗಂಗೂಲಿ ಹಿಂದೆ ಸರಿದರು, ನಮ್ಮ ದ್ರಾವಿಡ್ ನಾಯಕರಾದರು, 342 ರನ್ನುಗಳಿಂದ ಸೋತೆವು. ಮೂವತ್ತೈದು ವರ್ಷಗಳ ನಂತರ ಆಸ್ಟ್ರೇಲಿಯಾ ನಮ್ಮ ನೆಲದಲ್ಲಿ ಸರಣಿ ಗೆದ್ದಿತು. ಆಗ ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದೆ. ನಾಗಪುರ ಎಂದರೆ ನನಗೆ ಬಹಳ ದಿನ ಆ ಹುಲ್ಲು ಮಾತ್ರ.

ಕ್ರಿಕೆಟ್ ಮೈದಾನದ ವಿಚಾರ ಇಲ್ಲಿ ಸುಮ್ಮನೆ ತಂದದ್ದಲ್ಲ. ಮಣ್ಣನ್ನು ಬಿಗಿ ಮಾಡುವುದು ಹೇಗೆ ಎಂಬುದನ್ನು ಪಿಚ್ ಮಾಡುವವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪೂರ್ತಿ ಒಣಗಿದ ಜೇಡಿ ಎಷ್ಟು ರೋಲರ್ ಹೊಡೆದರೂ ಕೂಡಿಕೊಳ್ಳುವುದಿಲ್ಲ. ಪೂರ್ತಿ ಕೆಸರಾದದ್ದು ರೋಲರಿಗೆ ಅಂಟಿಕೊಂಡು ಬರುತ್ತದೆ. ನಡುವೆ ಒಂದು ಹದವಿದೆ. ಆ ಹದದಲ್ಲಿ ಭಾರ ಬಿದ್ದರೆ ಮಣ್ಣಿನ ಕಣಗಳು ಜಾರಿ ಒಂದರ ಪಕ್ಕ ಒಂದು ಕೂತು, ನಡುವಿನ ಗಾಳಿ ಹೊರಗೆ ಹೋಗಿ, ಇಟ್ಟಿಗೆಯಾಗುತ್ತದೆ. ಪಿಚ್ಚಿಗೆ ಬೇಕಾದದ್ದೂ ಅದೇ. ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಆರಕ್ಕೆ ಸ್ಪ್ರಿಂಕ್ಲರ್ ಬಿಡುತ್ತಾರೆ, ಏಳಕ್ಕೆ ಯೋಗದವರು, ಸಂಜೆ ಮತ್ತೆ ನೀರು, ಅದರ ಬೆನ್ನಿಗೇ ಮಕ್ಕಳು. ಅಂದರೆ ದಿನಕ್ಕೆ ಎರಡು ಸಲ, ವರ್ಷವಿಡೀ, ಸರಿಯಾದ ಹದ ನೋಡಿ ತುಳಿಯುತ್ತಿದ್ದೇವೆ. ಯಾವ ಪಿಚ್ ಕ್ಯುರೇಟರನಿಗೂ ಇಷ್ಟು ಶಿಸ್ತು ಇರಲಿಕ್ಕಿಲ್ಲ.

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಮಾತ್ರ ಮಣ್ಣು. ಉಳಿದರ್ಧ ನೀರು, ಗಾಳಿ ಓಡಾಡುವ ಸಂದು. ತುಳಿದಾಗ ಮೊದಲು ಮುಚ್ಚುವುದು ದೊಡ್ಡ ಸಂದುಗಳು, ಎಂದರೆ ಗಾಳಿಯ ದಾರಿ. ಬೇರು ಕೆಳಗಿಳಿಯಲಾರದೆ ಮೇಲೆಯೇ ಸುತ್ತಾಡುತ್ತದೆ. ಮೇಲಿನ ಬೇರಿಗೆ ಬೇಗ ಬಾಯಾರುತ್ತದೆ, ಹುಲ್ಲು ಹಳದಿಯಾಗುತ್ತದೆ. ಹಳದಿ ಕಂಡ ಕಮಿಟಿಯವರು ಇನ್ನಷ್ಟು ನೀರು ಬಿಡಿಸುತ್ತಾರೆ. ಇತ್ತ ಸತ್ತ ಬಳ್ಳಿ, ಕಾಂಡ, ಬೇರುಗಳು ಕೊಳೆಯಲು ಮಣ್ಣಿನ ಜೀವಿಗಳೇ ಇಲ್ಲದೆ ಹಸಿರಿಗೂ ನೆಲಕ್ಕೂ ನಡುವೆ ಕಂದು ಬಣ್ಣದ ಮೆತ್ತೆಯಾಗಿ ಹೆಣೆದುಕೊಳ್ಳುತ್ತವೆ. ಅಪ್ಪನ ಸ್ಕ್ರೂಡ್ರೈವರ್ ಮೊದಲು ಹೊಕ್ಕ ಗಾದಿ ಇದೇ. ಇಂಗ್ಲಿಷಿನಲ್ಲಿ ಇದಕ್ಕೆ ಥ್ಯಾಚ್ ಎನ್ನುತ್ತಾರೆ. ಗುಡಿಸಲಿಗೆ ಹೊದಿಸುವ ಹುಲ್ಲಿಗಿರುವ ಹೆಸರೇ. ಹೆಸರು ಸರಿಯಾಗಿದೆ, ಮಳೆ ಒಳಗೆ ಇಳಿಯದಂತೆ ಮಾಡುವುದೇ ಎರಡರ ಗುಣ.

ನುಣ್ಣಗೆ ಕತ್ತರಿಸಿದ ಸಮತಟ್ಟಾದ ಲಾನ್ ಇಂಗ್ಲೆಂಡಿನ ಹವೆಯ ಕೂಸು. ಅಲ್ಲಿ ವರ್ಷವಿಡೀ ಜಿನುಗುವ ಮಳೆ, ತಣ್ಣನೆಯ ಬಿಸಿಲು. ಮೊದಲು ಕುರಿಗಳು ಮತ್ತು ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು ಹುಲ್ಲನ್ನು ಗಿಡ್ಡವಾಗಿ ಇಡುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬವನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗು ಸವರುವ ಯಂತ್ರ ನೋಡಿ ಹೊಳೆದದ್ದಂತೆ. ನೆಲವನ್ನು ಬಟ್ಟೆಯ ಹಾಗೆ ನೋಡುವ ಚಾಳಿ ಅಲ್ಲಿಂದಲೇ ಬಂದಿರಬೇಕು. ದೊಡ್ಡ ಯಂತ್ರಗಳನ್ನು ಕುದುರೆ ಎಳೆಯುತ್ತಿತ್ತು. ಗೊರಸಿನ ಗುರುತು ಬೀಳಬಾರದೆಂದು ಅದರ ಕಾಲಿಗೆ ಚರ್ಮದ ಬೂಟು. ಗುರುತು ಬೀಳಲಿಲ್ಲ. ಭಾರ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಕೇಳಿದ್ದ ಒಬ್ಬನಿದ್ದ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್. ಎರೆಹುಳುಗಳಿಲ್ಲದಿದ್ದರೆ ನೆಲ ತಣ್ಣಗೆ, ಬಿಗಿದುಕೊಂಡು, ಬಂಜೆಯಾಗುತ್ತದೆ. ತೋಟದವರು ಮಾತ್ರ ದಾರಿ ಕೊಳಕು ಮಾಡುತ್ತವೆಂದು ಅವನ್ನು ದ್ವೇಷಿಸುತ್ತಾರೆ ಎಂದು ಅವನು 1777ರ ಒಂದು ಪತ್ರದಲ್ಲಿ ಬರೆದ. ನೂರು ವರ್ಷದ ನಂತರ, 1881ರಲ್ಲಿ, ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು ಬರೆದದ್ದೇ ಎರೆಹುಳುವಿನ ಮೇಲೆ. ಇಂಗ್ಲೆಂಡಿನ ಹಲವು ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಅವುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು ಲೆಕ್ಕ ಹಾಕಿದ. ಕಲ್ಕತ್ತೆಯ ಬಟಾನಿಕಲ್ ಗಾರ್ಡನ್ನಿನಿಂದಲೂ ನೀಲಗಿರಿಯಿಂದಲೂ ಹುಳುಗಳ ಹಿಕ್ಕೆಯ ಗೋಪುರಗಳನ್ನು ತರಿಸಿಕೊಂಡು ಪರೀಕ್ಷಿಸಿದ್ದ. ತನ್ನ ಮನೆಯ ಬಳಿಯ ಕಲ್ಲು ತುಂಬಿದ ಹೊಲವೊಂದನ್ನು 1841ರಿಂದ ಉಳದೆ ಬಿಟ್ಟು, ಮೂವತ್ತು ವರ್ಷದ ಮೇಲೆ ಅದರ ಮೇಲೆ ಕುದುರೆ ಓಡಿದರೂ ಲಾಳಕ್ಕೆ ಒಂದು ಕಲ್ಲೂ ತಾಗದ್ದನ್ನು ಕಂಡ. ಕಲ್ಲುಗಳನ್ನು ಯಾರೂ ಹೆಕ್ಕಿರಲಿಲ್ಲ, ಹುಳುಗಳು ಮಣ್ಣು ತಂದು ಮುಚ್ಚಿದ್ದವು.

ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಲಾನಿನ ಮಂದಿ ಮಾತ್ರ ಅದನ್ನು ತಲೆಕೆಳಗಾಗಿ ಓದಿಕೊಂಡರೇನೋ. ಅಷ್ಟು ಮಣ್ಣು ಮೇಲೆ ತರುವ ಹುಳುವನ್ನು ಗಾಲ್ಫ್ ಮೈದಾನದಲ್ಲಿ ಇಟ್ಟುಕೊಳ್ಳುವುದು ಹೇಗೆ? ಅದನ್ನು ಕೊಲ್ಲುವ ಮದ್ದು ಎಲ್ಲಿಂದ ಹೋಯಿತು ಎಂದು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮ ಹಿಪ್ಪೆ ಮರ. ಇಲ್ಲಿ ಅದು ಮಹುವಾ, ಮರಾಠಿಯಲ್ಲಿ ಮೋಹ. ನಾಗಪುರದಿಂದ ಪೂರ್ವಕ್ಕೆ ಭಂಡಾರಾ, ಗೋಂದಿಯಾ, ಗಡಚಿರೋಲಿ, ಉತ್ತರಕ್ಕೆ ಬಾಲಾಘಾಟ್ ಎಂದು ಹೊರಟರೆ ಇದು ಹಿಪ್ಪೆಯ ಸೀಮೆ. ಹೂವಿನಿಂದ ಆಹಾರ, ಸಾರಾಯಿ, ಬೀಜದಿಂದ ಎಣ್ಣೆ. ಗೋಂಡರ ಬದುಕಿನಲ್ಲಿ ಇದು ಹುಟ್ಟಿನಿಂದ ಸಾವಿನವರೆಗೂ ಇರುವ ಮರ. ಮೊದಲ ಮಹಾಯುದ್ಧಕ್ಕೆ ಮುಂಚೆ ಸೋಪು, ಮೋಂಬತ್ತಿಗೆಂದು ಹಿಪ್ಪೆ ಬೀಜ ಮುಂಬಯಿ ಬಂದರಿನಿಂದ ಯುರೋಪಿಗೆ ಹಡಗುಗಟ್ಟಲೆ ಹೋಗುತ್ತಿತ್ತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಅಂಟುವಾಳಕಾಯಿಯಂತೆ ನೊರೆ ಬರಿಸುವ ಸ್ಯಾಪೋನಿನ್ ಇರುತ್ತದೆ, ದನಕ್ಕೆ ಹಾಕುವಂತಿಲ್ಲ. ದನಕ್ಕೆ ಆಗದ್ದು ಲಾನಿಗೆ ಆಯಿತು. 'ಮೌರಾ ಮೀಲ್' ಎಂಬ ಹೆಸರಿನಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟನ್ನಿನ ಗಾಲ್ಫ್ ಮೈದಾನಗಳಿಗೂ ಲಾನುಗಳಿಗೂ ಎರಚಿ ನೀರು ಬಿಡುತ್ತಿದ್ದರು. ಚರ್ಮ ಉರಿದು ಹುಳುಗಳು ರಾಶಿ ರಾಶಿಯಾಗಿ ಮೇಲೆ ಬರುತ್ತಿದ್ದವು, ಗುಡಿಸಿ ಬುಟ್ಟಿ ತುಂಬುತ್ತಿದ್ದರು.

ನಮ್ಮ ಸೊಸೈಟಿಯ ಮಾಲಿ ಬಾಲಾಘಾಟ್ ಕಡೆಯವನು. ಅವನಿಗೆ ಇದನ್ನು ಹೇಳಿದಾಗ ಆಶ್ಚರ್ಯವೇನೂ ಆಗಲಿಲ್ಲ. ಅವರ ಊರಲ್ಲಿ ಹಳ್ಳದ ಮಡುವಿಗೆ ಈ ಹಿಂಡಿ ಹಾಕಿದರೆ ಮೀನು ಮತ್ತೇರಿ ತೇಲುತ್ತವಂತೆ. "ಹುಳುವನ್ನು ಯಾಕೆ ಕೊಂದರು, ಅದನ್ನು ತಿನ್ನುತ್ತಿದ್ದರಾ?" ಎಂದಷ್ಟೇ ಕೇಳಿದ.

ಹಿಪ್ಪೆ ಹಿಂಡಿಯ ನಂತರ ಸೀಸದ ಆರ್ಸೆನೇಟ್ ಬಂತು, ಎರಡನೇ ಯುದ್ಧದ ನಂತರ ಕ್ಲೋರ್ಡೇನ್ ಬಂತು. ಕ್ಲೋರ್ಡೇನ್ ಎಷ್ಟು ಕಾಲ ನೆಲದಲ್ಲಿ ಉಳಿಯುತ್ತದೆಂದರೆ, 2001ರ ಸ್ಟಾಕ್‌ಹೋಮ್ ಒಪ್ಪಂದ ಜಗತ್ತಿನಿಂದಲೇ ತೊಲಗಿಸಬೇಕೆಂದು ಹೆಸರಿಸಿದ ಮೊದಲ ಹನ್ನೆರಡು ವಿಷಗಳಲ್ಲಿ ಅದೂ ಒಂದು. ಹುಳು ಹೋದ ಕಡೆ ಮೆತ್ತೆ ಬೆಳೆಯುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಲು ಗಾಲ್ಫ್ ಮೈದಾನಕ್ಕೇ ಹೋಗಬೇಕಿಲ್ಲ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1856ರಿಂದ ಇಂದಿನವರೆಗೂ ನಡೆದಿರುವ ಹುಲ್ಲುಗಾವಲಿನ ಪ್ರಯೋಗವೊಂದಿದೆ. ಅಲ್ಲಿ ವರ್ಷ ವರ್ಷವೂ ಅಮೋನಿಯಂ ಸಲ್ಫೇಟ್ ಹಾಕಿದ ತುಂಡುಗಳಲ್ಲಿ ಮಣ್ಣು ಹುಳಿಯಾಗಿ, ಹುಳುಗಳು ಮಾಯವಾಗಿ, ಮೇಲೆ ಕೊಳೆಯದ ಹುಲ್ಲಿನ ಮೆತ್ತೆ ಕೂತಿದೆ. ಪಕ್ಕದಲ್ಲೇ, ಸುಣ್ಣ ಹಾಕಿದ ತುಂಡುಗಳಲ್ಲಿ ಅದಿಲ್ಲ.

ಹುಳುವಿನ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟಾಮ್ ಮಸ್ಕಾರೊ ಎಂಬವರು ನೆಲಕ್ಕೆ ತೂತು ಕೊರೆದು ಗಾಳಿ ಬಿಡುವ ಯಂತ್ರ ಮಾರುಕಟ್ಟೆಗೆ ತಂದರು. ಆಮೇಲೆ ಮೆತ್ತೆಯನ್ನು ಸೀಳಿ ತೆಗೆಯುವ ಯಂತ್ರವೂ ಬಂತು. ನಮ್ಮ ಸೊಸೈಟಿಗೆ ಬಂದ ಕಾಂಟ್ರಾಕ್ಟರ್ ತೋರಿಸಿದ ಬಣ್ಣದ ಕ್ಯಾಟಲಾಗಿನಲ್ಲಿ ಇದ್ದದ್ದು ಆ ಯಂತ್ರಗಳ ಮೊಮ್ಮಕ್ಕಳು. ಬಾಡಿಗೆ ಕೇಳಿ ಕಮಿಟಿಯವರು ಹಿಂದಿನ ಪುಟಕ್ಕೆ ತಿರುಗಿದರು. ಅಲ್ಲಿ ಪ್ಲಾಸ್ಟಿಕ್ ಹುಲ್ಲು ಇತ್ತು: ನೀರು ಬೇಡ, ಮಾಲಿ ಬೇಡ.

ನನಗೆ ಹೆಚ್ಚು ಹತ್ತಿರದ ಚರಿತ್ರೆ ಇರುವುದು ಇತ್ತ ಕಡೆ. ನಾಗಪುರದ ನಡುವೆ ಮಹಾರಾಜಬಾಗ್ ಇದೆ, ಭೋಸಲೆ ಅರಸರ ಕಾಲದ ತೋಟ. ಅದು ಈಗ ಕೃಷಿ ಕಾಲೇಜಿನ ಕೈಯಲ್ಲಿದೆ. ಕಾಲೇಜು ಶುರುವಾದದ್ದು 1906ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಬಿಹಾರದ ಪೂಸಾಕ್ಕೆ ಆಲ್ಬರ್ಟ್ ಹೋವರ್ಡ್ ಎಂಬ ಸಸ್ಯಶಾಸ್ತ್ರಜ್ಞ ಬಂದಿದ್ದ. ಪೂಸಾದಲ್ಲಿ ಹಣ್ಣಿನ ಗಿಡಗಳ ಕೆಳಗೆ ಹುಲ್ಲು ಹಬ್ಬಿಸಿದಾಗ ಗಿಡಗಳು ಸೊರಗುವುದನ್ನು ಅವನು ನೋಡಿದ. ನೀರು, ಗೊಬ್ಬರಕ್ಕಾಗಿ ಹುಲ್ಲು ಪೈಪೋಟಿ ಮಾಡುತ್ತದೆ ಎಂದು ಎಲ್ಲರೂ ಹೇಳುವ ಕಾರಣ ಅವನಿಗೆ ಸಾಲಲಿಲ್ಲ. ಪಕ್ಕದಲ್ಲಿ ಕಾಲುವೆ ತೋಡಿ ಗಾಳಿ ಆಡಿಸಿದಾಗ ಗಿಡಗಳು ಚೇತರಿಸಿದವು. ಮಣ್ಣಿನ ಉಸಿರಾಟ ಎಂಬ ಮಾತನ್ನು ಅವನು ಅಲಂಕಾರಕ್ಕೆ ಹೇಳಲಿಲ್ಲ. ಬೇರು ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ದಾರಿ ಇಲ್ಲದಿದ್ದರೆ ಉಸಿರುಗಟ್ಟುತ್ತದೆ.

1924ರಲ್ಲಿ ಹೋವರ್ಡ್ ಇಂದೋರಿಗೆ ಬಂದ. ಹತ್ತಿ ಬೆಳೆಯ ಸಂಶೋಧನೆಗೆಂದು ಬಂದವನು, ಕಾಲ ಕೆಳಗೆ ಇದೇ ಕಪ್ಪು ಮಣ್ಣು. ಹತ್ತಿ ಕಟ್ಟಿಗೆಯನ್ನು ಕೊಳೆಸುವುದು ಕಷ್ಟ, ಅದಕ್ಕೆ ಅವನು ಅದನ್ನು ಫಾರ್ಮಿನ ದಾರಿಯ ಮೇಲೆ ಹರಡಿ ಬಂಡಿಗಾಲಿಯ ಕೆಳಗೆ ನುರಿಸುತ್ತಿದ್ದ. ಸಗಣಿ, ಗಂಜಲ ಬಿದ್ದ ಮಣ್ಣು, ಬೂದಿ ಸೇರಿಸಿ ಹೊರಳಿಸಿ ಗೊಬ್ಬರ ಮಾಡುವ ಅವನ ಇಂದೋರ್ ವಿಧಾನ 1931ರಲ್ಲಿ ಪುಸ್ತಕವಾಗಿ ಬಂತು, ಜೊತೆ ಲೇಖಕ ಯಶವಂತ ವಾಡ್. ಆ ಎರಡನೆಯ ಹೆಸರನ್ನು ಜಗತ್ತಿನ ಸಾವಯವ ಚಳವಳಿ ಬಹುಮಟ್ಟಿಗೆ ಮರೆತಿದೆ.

ಕಪ್ಪು ಮಣ್ಣಿಗೆ ಬರೋಣ. ಇಂಗ್ಲಿಷಿನ ರೇಗರ್ ಎಂಬ ಹೆಸರು ಬಂದದ್ದು ತೆಲುಗಿನ ರೇಗಡಿಯಿಂದ. ನಮ್ಮದು ಎರೆ; ಆ ಹುಳಕ್ಕೂ ಈ ನೆಲಕ್ಕೂ ಕಿವಿಗೆ ಒಂದೇ ಹೆಸರು. ಬೆಸಾಲ್ಟ್ ಕಲ್ಲು ಲಕ್ಷಾಂತರ ವರ್ಷ ಕರಗಿ ಆದ ಜೇಡಿ ಇದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಎಷ್ಟೋ ಕಡೆ ಕೈ ಇಳಿಯುವಷ್ಟು ಅಗಲ, ಮೊಣಕೈ ಮುಳುಗುವಷ್ಟು ಆಳ. ಬೇಸಿಗೆಯಲ್ಲಿ ಮೇಲಿನ ಪುಡಿ ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆಗೆ ಕೆಳಗಿನದು ಉಬ್ಬಿ ಮೇಲೆ ಒತ್ತುತ್ತದೆ. ಹೀಗೆ ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು. ಈ ಊರಲ್ಲೇ ದೇಶದ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೋದ ಮುಖ್ಯ ಕಚೇರಿ ಇದೆ, ಅಮರಾವತಿ ರಸ್ತೆಯಲ್ಲಿ. ಸಂಸ್ಥೆ 1976ರದ್ದು. ದೇಶದ ಮಣ್ಣಿನ ನಕ್ಷೆಗಳೆಲ್ಲ ತಯಾರಾಗುವ ಊರಿನಲ್ಲಿ ನಾವು ನಮ್ಮ ಅಂಗಳದ ಮಣ್ಣಿಗೆ ಬಿರುಕು ಬಿಡಲು ಪುರುಸೊತ್ತು ಕೊಡದೆ ನೀರು ಹೊಯ್ಯುತ್ತಿದ್ದೆವು.

ಇಲ್ಲಿಯ ರೈತರಿಗೆ ಇದು ಗೊತ್ತು. ವಿದರ್ಭದ ವಖರ ನಮ್ಮ ಕುಂಟೆಯೇ. ಅಡ್ಡ ಅಲಗು, ಎರಡು ಎತ್ತು. ಇಬ್ಬರೂ ಎರೆ ಹೊಲವನ್ನು ನೇಗಿಲಿನಿಂದ ಉಳುವುದಕ್ಕಿಂತ ಹೆಚ್ಚು ಹೀಗೆ ಹರಗುತ್ತಾರೆ. ಹಸಿ ಎರೆಗೆ ಎತ್ತು ಇಳಿಸಬಾರದು ಎಂಬುದೂ ಇಬ್ಬರದೂ ಕಟ್ಟಳೆ. ಒಂದು ದಿನ ಅಪ್ಪ ಮತ್ತು ನಾನು ಬುಟಿಬೋರಿ ದಾಟಿ ಹೋಗಿದ್ದಾಗ ರಸ್ತೆ ಬದಿಯ ಹೊಲದಲ್ಲಿ ಒಬ್ಬ ಅಜ್ಜ ವಖರ ಹೊಡೆಯುತ್ತಿದ್ದ. ಅಪ್ಪ ಇಳಿದು ಅರ್ಧ ಗಂಟೆ ಮಾತಾಡಿದ. ಅವನಿಗೆ ಮರಾಠಿ ಬರುವುದಿಲ್ಲ, ಆ ಅಜ್ಜನಿಗೆ ಕನ್ನಡ ಬರುವುದಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಮಲಪ್ರಭೆಯ ಮಾತೆತ್ತಿದ. ಎಪ್ಪತ್ತರ ದಶಕದಲ್ಲಿ ಕಾಲುವೆ ನೀರು ಬಂದಾಗ ನವಲಗುಂದ, ನರಗುಂದದ ಎರೆ ಹೊಲಗಳಿಗೆ ಲಕ್ಷ್ಮಿ ಬಂದಳು ಎಂದೇ ಎಲ್ಲರೂ ನಂಬಿದ್ದು. ವರಲಕ್ಷ್ಮಿ ಎಂಬ ಹೆಸರಿನ ಹೈಬ್ರಿಡ್ ಹತ್ತಿಯೇ ಇತ್ತು, ಧಾರವಾಡದ ತಳಿ. ಹತ್ತಿ ಬೆಲೆ ಬಿತ್ತು. ನೀರಿನ ಕರ, ಅಭಿವೃದ್ಧಿ ಕರ ನಿಲ್ಲಲಿಲ್ಲ. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದದಲ್ಲಿ ರೈತರ ಬಂಡಾಯ, ಗೋಲಿಬಾರು, ಸಾವು. ಅಪ್ಪನಿಗೆ ಆಗ ಇಪ್ಪತ್ತೆರಡು. ಅಲ್ಲಿದ್ದ ಎಂದಷ್ಟೇ ನನಗೆ ಗೊತ್ತಿತ್ತು, ಹೆಚ್ಚು ಹೇಳಿದವನಲ್ಲ. ಆ ದಿನವೂ ಗೋಲಿಬಾರಿನ ಬಗ್ಗೆ ಹೇಳಲಿಲ್ಲ, ನೆಲದ ಬಗ್ಗೆ ಹೇಳಿದ. ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ನೀರು ನಿಂತ ಕಡೆ ಎರೆ ಸವಳು-ಜವಳಾಯಿತು. ಕೆಳಗಿನ ಉಪ್ಪು ಮೇಲೆ ಬಂತು, ನೀರು ಬಸಿಯಲಿಲ್ಲ. ನಮ್ಮ ಕೆಳಗಿನ ಎರಡು ಎಕರೆ ಹಾಗೇ ಹೋದದ್ದು. "ಬಿರುಕ ಬಿಟ್ಟ ಹೊಲಾ ನೋಡಿ ನಮಗ ಹೆದರಿಕಿ ಆಗತಿತ್ತು. ನೀರ ಬಂದ ಮ್ಯಾಲ ಬಿರುಕ ಬಿಡಾಕ ಬಿಡಲೇ ಇಲ್ಲ ನಾವು. ಬಿರುಕಿನಾಗ ಅದರ ಜೀವಾ ಇತ್ತು."

ಸೊಸೈಟಿಯ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಲಿಲ್ಲ. ಪ್ಲಾಸ್ಟಿಕ್ ಹುಲ್ಲಿನ ಅಂದಾಜು ಪಟ್ಟಿ ಮೇಜಿನ ಮೇಲಿತ್ತು. ಒಂದು ಮಳೆಗಾಲದ ಮಟ್ಟಿಗೆ ಅರ್ಧ ಲಾನ್ ನನಗೆ ಬಿಡಿ, ಖರ್ಚು ಕೇಳುವುದಿಲ್ಲ ಎಂದೆ. ಖರ್ಚಿಲ್ಲ ಎಂದದ್ದಕ್ಕೆ ಒಪ್ಪಿದರು.

ಏಪ್ರಿಲ್ ಮೊದಲ ವಾರ ಆ ಅರ್ಧಕ್ಕೆ ಸ್ಪ್ರಿಂಕ್ಲರ್ ಬಂದ್. ಮಾಲಿ ಮತ್ತು ನಾನು ಕಬ್ಬಿಣದ ಹಲ್ಲಿನ ರೇಕಿನಿಂದ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆದು ಮೆತ್ತೆಯನ್ನು ಹರಿದು ತೆಗೆದೆವು. ಹನ್ನೊಂದು ಚೀಲ ಬಂತು. ಅದನ್ನು ಎಸೆಯಲಿಲ್ಲ, ಅಡಿಗೆಮನೆ ಕಸ, ಸಗಣಿಯ ಜೊತೆ ಗುಂಡಿಗೆ ಹಾಕಿದೆವು. ಕತ್ತರಿಸಿದ ಎಲೆಯ ತುದಿಗಳಿಂದ ಮೆತ್ತೆಯಾಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು, ದಿನವೂ ಗುಡಿಸುತ್ತಿದ್ದರು. ಅದು ತಪ್ಪು. ಎಲೆ ಬೇಗ ಕರಗುತ್ತದೆ. ಕರಗದೆ ಕೂರುವುದು ಗಡುಸಾದ ಕಾಂಡ ಮತ್ತು ಬೇರು.

ಮೇ ಎರಡನೇ ವಾರಕ್ಕೆ ನಾಗಪುರ ಬೆಂಕಿ. ಈ ಊರು 47 ಡಿಗ್ರಿ ದಾಟಿದ್ದೂ ಇದೆ. ಅರ್ಧ ಲಾನ್ ಕಂದು ಬಣ್ಣಕ್ಕೆ ತಿರುಗಿತು. ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೋ ಹಾಕಿ ಯಾರೋ 'ರಾಜಸ್ಥಾನ ದರ್ಶನ' ಎಂದು ಬರೆದರು. ನನಗೂ ಒಳಗೆ ಅಳುಕು. ಗರಿಕೆ ಸಾಯುವುದಿಲ್ಲ ಎಂದು ಧೈರ್ಯ ಹೇಳಿದವನು ಅಪ್ಪ. ಅದನ್ನು ಸಾಯಿಸಲು ನಲವತ್ತು ವರ್ಷ ಪ್ರಯತ್ನ ಮಾಡಿದವನ ಮಾತು ನಂಬಬಹುದಲ್ಲ. ಮೊದಲ ಬಿರುಕು ಕಂಡ ದಿನ ಅವನು ನನ್ನ ಮಗಳನ್ನು ಕರೆದುಕೊಂಡು ಹೋಗಿ ಅದರೊಳಗೆ ಕಡ್ಡಿ ಇಳಿಸಿ ತೋರಿಸಿದ.

ಬಿರುಕುಗಳೊಳಗೆ ಜರಡಿ ಹಿಡಿದ ಒಣ ಗೊಬ್ಬರ ಸುರಿದು ಪೊರಕೆಯಿಂದ ತಳ್ಳಿದೆವು. ಮರಳು ಹಾಕಿ ಎಂದು ಎಲ್ಲರ ಸಲಹೆ. ಜೇಡಿಗೆ ಸ್ವಲ್ಪ ಮರಳು ಸೇರಿದರೆ ಸಡಿಲವಾಗುವುದಿಲ್ಲ, ಗಾರೆಯಾಗುತ್ತದೆ. ಸಡಿಲವಾಗುವಷ್ಟು ಹಾಕಬೇಕೆಂದರೆ ಲಾರಿಗಟ್ಟಲೆ ಬೇಕು, ನದಿ ಬಗೆಯಬೇಕು. ಬೇಡ ಎಂದೆ. ಕಾಲುದಾರಿಯಾಗಿ ತುಳಿದ ಕಡೆ ಬಿರುಕೇ ಬಿಡಲಿಲ್ಲ. ಅಲ್ಲಿ ಮಾತ್ರ ನಾಲ್ಕು ಹಲ್ಲಿನ ಫೋರ್ಕ್ ಚುಚ್ಚಿ, ಮಣ್ಣು ಮಗುಚದೆ, ಹಿಂದೆ ಮುಂದೆ ಅಲುಗಿಸಿ ಬಿಟ್ಟೆವು.

ಜೂನ್ ಮೊದಲ ಮಳೆಗೆ ಅಪ್ಪ ಜೀವಾಮೃತ ಮಾಡಿಸಿದ. ಇನ್ನೂರು ಲೀಟರ್ ಡ್ರಮ್ಮಿನಲ್ಲಿ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ಇದನ್ನು ಅವನು ಕಲಿತದ್ದು ನಮ್ಮ ಕಡೆಯ ರೈತ ಸಂಘದ ಶಿಬಿರದಲ್ಲಿ, ಸುಭಾಷ್ ಪಾಳೇಕರರಿಂದ. ಪಾಳೇಕರರು ಅಮರಾವತಿ ಜಿಲ್ಲೆಯ ಬೇಲೋರಾದವರು, ಓದಿದ್ದು ಇದೇ ನಾಗಪುರದ ಕೃಷಿ ಕಾಲೇಜಿನಲ್ಲಿ ಎಂದು ನಾನು ಹೇಳಿದಾಗ ಅಪ್ಪನಿಗೆ ಖುಷಿಯಾಯಿತು. "ಹಂಗಾರ ನಿಮ್ಮೂರಿನ ಮದ್ದ ನಿಮ್ಮೂರಿಗೇ ತಂದಂಗಾತು." ಪಾಳೇಕರರ ವಿಧಾನದ ಬಗ್ಗೆ ಕೃಷಿ ವಿಜ್ಞಾನಿಗಳ ತಕರಾರು ಇದೆ, ಅದು ಸುಳ್ಳಲ್ಲ. ನನ್ನನ್ನು ಕೇಳಿದರೆ ನಮ್ಮ ಲಾನಿನಲ್ಲಿ ಮುಕ್ಕಾಲು ಕೆಲಸ ಮಾಡಿದ್ದು ಆ ಐದಾರು ವಾರದ ಬಿಸಿಲು. ಇದನ್ನು ಅಪ್ಪನಿಗೆ ಹೇಳಿಲ್ಲ.

ಹೆಸರು ಬಿತ್ತಬೇಕೆಂದು ಅಪ್ಪ ಜೂನ್ ನಡುವೆ ಊರಿಗೆ ಹೊರಟ. ಇನ್ನೊಂದು ತಿಂಗಳು ಇರು ಎಂದರೆ ಕೇಳಲಿಲ್ಲ. ಹೋಗುವ ಮೊದಲು ಒಂದೇ ಮಾತು: ಮಳೆ ಹಿಡಿದಾಗ ಯಾರನ್ನೂ ತುಳಿಯಗೊಡಬೇಡ. ಜುಲೈ ಪೂರ್ತಿ ಹಗ್ಗ ಕಟ್ಟಿದೆ. ಮಕ್ಕಳು ಬಂದು ಜಗಳ ಮಾಡಿದರು, ಅವರ ಅಪ್ಪಂದಿರೂ ಮಾಡಿದರು. ಅದು ನ್ಯಾಯವೇ, ಮಕ್ಕಳಿಗೆಂದು ಲಾನ್ ಉಳಿಸಲು ಹೊರಟವನು ಮಕ್ಕಳನ್ನೇ ಹೊರಗಿಟ್ಟಿದ್ದೆ. ಆಗಸ್ಟಿನಲ್ಲಿ ನೀರು ನಿಲ್ಲದ ದಿನಗಳಲ್ಲಿ ಬಿಚ್ಚಿದೆ.

ಸೆಪ್ಟೆಂಬರಿನಲ್ಲಿ ಎರಡೂ ಅರ್ಧ ಹಸಿರೇ. ಮೇಲಿನಿಂದ ನೋಡಿದವರಿಗೆ ವ್ಯತ್ಯಾಸ ಇಲ್ಲ. ನಮ್ಮದು ಸ್ವಲ್ಪ ಎತ್ತರ, ಸ್ವಲ್ಪ ಒರಟು, ಅಲ್ಲಲ್ಲಿ ಎರೆಹುಳುವಿನ ಹಿಕ್ಕೆಯ ಸಣ್ಣ ಗುಡ್ಡೆಗಳು. ಕಮಿಟಿಯ ಒಬ್ಬರು ಆ ಗುಡ್ಡೆ ನೋಡಿ ಔಷಧಿ ಹೊಡೆಸಬೇಕು ಎಂದರು. ಕೊನೆಗೆ ಆದ ತೀರ್ಮಾನ: ಆ ಅರ್ಧಕ್ಕೆ ಪ್ಲಾಸ್ಟಿಕ್, ಈ ಅರ್ಧ ಸದ್ಯ ಹೀಗೇ ಇರಲಿ. ದಸರೆಯ ಹೊತ್ತಿಗೆ ಅತ್ತ ಕಡೆ ಜಲ್ಲಿ ಸುರಿದು ರೋಲರ್ ಹೊಡೆದರು.

ಹಿಕ್ಕೆಯ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಸಂಜೆ ಫೋನ್ ಬಂತು. ಹೆಸರು ಚಲೋ ಬಂದದೆ, ಮುಂಗಾರು ಈ ಸಲ ಕೈಕೊಡಲಿಲ್ಲ, ಹಿಂಗಾರಿಗೆ ಕಡಲೆ ಹಾಕುತ್ತೇನೆ ಎಂದ. ಫೋಟೋದ ವಿಷಯ ಎತ್ತಲಿಲ್ಲ. ನಾನೇ ಕೇಳಿದೆ.

"ಫೋಟೋದಾಗ ಏನ ಗೊತ್ತಾಕ್ಕೈತೋ? ಬೆರಳ ಹಾಕಿ ನೋಡಿ ಹೇಳು."

ಕೆಳಗಿಳಿದು ಹೋದೆ. ಮಗಳೂ ಬಂದಳು. ಅವಳೇ ಮೊದಲು ಕೂತು ಹುಲ್ಲು ಸರಿಸಿ ತೋರುಬೆರಳು ಊರಿದಳು. ಎರಡನೇ ಗೆಣ್ಣಿನವರೆಗೆ ಹೋಯಿತು.